ಪುಟ್ಟೇಗೌಡರ ಹಡ್ಲು

ಮಲೆನಾಡಿಗೆ ಬಂದ ಮರುದಿನ ಬೆಳಿಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ, "ಇಲ್ಲಿ ಮೂಡಲು ಯಾವ ಕಡೆ?" ಎಂಬುದು. ಹೊಸ ಜಾಗದಲ್ಲಿ ಎದ್ದವನು ಮೊದಲು ಸೂರ್ಯನಿಗೆ ಕೈ ಮುಗಿಯಬೇಕೆಂದು ನನ್ನ ತಂದೆ ಕಲಿಸಿದ್ದರು. ಕಾಫಿ ತೋಟದ ಮೇಸ್ತ್ರಿ ಕಂಬಳಿಯ ಕೊಪ್ಪೆಯೊಳಗಿಂದ ನನ್ನನ್ನು ನೋಡಿದ. ಸುತ್ತಲೂ ಮಂಜು. ಎದುರಿಗೊಂದು ಗುಡ್ಡ, ಬೆನ್ನಿಗೊಂದು ಗುಡ್ಡ, ಅವುಗಳ ನಡುವೆ ಬಿಳಿ.

"ಮೂಡ್ಲಾ? ಅದೆಲ್ಲ ಇಲ್ಲಿ ಇಲ್ಲ ರೈಟ್ರೆ," ಎಂದ. "ಇಲ್ಲಿ ಮೇಲೆ ಅಂತ ಒಂದು, ಕೆಳಗೆ ಅಂತ ಒಂದು. ನಿಮಗೆ ಯಾವುದು ಬೇಕು ಹೇಳಿ, ತೋರಿಸ್ತೇನೆ."

ಕೆಲಸಕ್ಕೆ ಹೊರಟಿದ್ದ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಮುಗಿಯಲು ಎತ್ತಿದ್ದ ಕೈಯನ್ನು ನಾನು ಕೆಳಗಿಳಿಸಿದೆ. ನಮ್ಮ ಚಳ್ಳಕೆರೆ ಸೀಮೆಯಲ್ಲಿ ಹೊಲದಲ್ಲಿ ನಿಂತವನಿಗೆ ಮೂರು ಊರಿನ ಗುಡಿಗಳು ಕಾಣುತ್ತವೆ. ಮನೆಯನ್ನೂ ದಿಕ್ಕಿನಿಂದಲೇ ಗುರುತಿಸುತ್ತೇವೆ, ಮೂಡಲ ಮನೆ, ತೆಂಕಲ ಕೇರಿ. ಇಲ್ಲಿ ನನ್ನ ಕಣ್ಣು ಹೋಗಿ ಹೋಗಿ ಒಂದು ಮರಕ್ಕೆ ತಾಗಿ ನಿಲ್ಲುತ್ತಿತ್ತು. ದೂರ ಎನ್ನುವುದೇ ಇರಲಿಲ್ಲ.

ಊರಿನ ಕಡೆಯವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮಲೆನಾಡು ಹೇಗಿದೆ, ಅಲ್ಲಿ ಏನು ತಿಂದೆ, ಹೇಗೆ ಬದುಕಿದೆ ಎಂದು ಕೇಳುವವರು ಈಗಲೂ ಇದ್ದಾರೆ. ಅದನ್ನೆಲ್ಲ ಹೇಳುತ್ತೇನೆ. ಆದರೆ ಬರೆಯಲು ಕುಳಿತ ಕಾರಣ ಬೇರೆ. ಪುಟ್ಟೇಗೌಡರೆಂಬ ಒಬ್ಬರು ನನ್ನನ್ನು ನಂಬಿ ಮಾತಾಡಲು ಬಿಟ್ಟರು. ನಾನು ಮಾತಾಡಿದೆ. ಅವರ ಗದ್ದೆ ಹೋಯಿತು. ವಯಸ್ಸಾದ ಮೇಲೆ ಇದನ್ನು ಒಂದು ಕಡೆ ಬರೆದಿಡಬೇಕು ಅನ್ನಿಸಿದೆ.

ಚಿತ್ರದುರ್ಗದಲ್ಲಿ ಹೈಸ್ಕೂಲು ಮುಗಿಸಿದ್ದೆ. ಮಹಾರಾಜರ ಕಾಲ ಅದು. ಅಷ್ಟು ಓದಿದವನಿಗೆ ಎಲ್ಲಾದರೂ ಒಂದು ಮೇಜು ಸಿಗುತ್ತಿತ್ತು. ದೂರದ ನೆಂಟರೊಬ್ಬರು ಚಿಕ್ಕಮಗಳೂರಿನಲ್ಲಿ ಇದ್ದರು. ಜಾವಳಿಯಿಂದ ಆಚೆ ಒಬ್ಬ ದೊರೆಯ ತೋಟದಲ್ಲಿ ರೈಟರ ಕೆಲಸ ಖಾಲಿ ಇದೆ ಎಂದು ಹೇಳಿ ಕಳಿಸಿದರು. ರೈಟರು ಎಂದರೆ ಆಳುಗಳ ಹಾಜರಿ ಹಿಡಿಯುವವನು, ಕಾಫಿ ಹಣ್ಣಿನ ಅಳತೆ ಬರೆದುಕೊಳ್ಳುವವನು, ದೊರೆಗೆ ಬೇಕಾದಾಗ ಕನ್ನಡದಲ್ಲಿ ಬಾಯಾಗುವವನು. ದೊರೆ ಎಂದರೆ ಇಂಗ್ಲೆಂಡಿನಿಂದ ಬಂದು ತೋಟ ಮಾಡಿದವರು. ನಮ್ಮ ದೊರೆ ಕೆಟ್ಟವರಲ್ಲ. ಬೈಯುತ್ತಿರಲಿಲ್ಲ, ಹೆಚ್ಚು ಮಾತನ್ನೂ ಆಡುತ್ತಿರಲಿಲ್ಲ.

ಕಡೂರಿನವರೆಗೆ ರೈಲು, ಅಲ್ಲಿಂದ ಚಿಕ್ಕಮಗಳೂರಿಗೆ ಬಸ್ಸು, ಮೂಡಿಗೆರೆಗೆ ಇನ್ನೊಂದು ಬಸ್ಸು, ಕೊನೆಗೆ ಎತ್ತಿನ ಗಾಡಿ. ಅದೇ ಮೈಸೂರು ಸೀಮೆ, ಅದೇ ಕನ್ನಡ. ಹಾಗಿದ್ದೂ ಬೇರೆ ದೇಶಕ್ಕೆ ಬಂದ ಹಾಗಾಯಿತು.

ಇರಲು ಲೈನಿನ ಕೊನೆಯ ಕೋಣೆ ಕೊಟ್ಟರು. ತೋಟದ ಆಳುಗಳು ಸಾಲಾಗಿ ವಾಸಿಸುವ ಉದ್ದನೆಯ ಕಟ್ಟಡಕ್ಕೆ ಲೈನು ಎನ್ನುತ್ತಾರೆ. ನಮ್ಮಲ್ಲಿ ಮನೆ ಕಟ್ಟುವುದು ಬಿಸಿಲು ಒಳಗೆ ಬರಬಾರದೆಂದು. ಇಲ್ಲಿ ಹೊಗೆ ಹೊರಗೆ ಹೋಗಬಾರದೆಂದು. ಹೊಗೆ ಇದ್ದರೆ ಬಟ್ಟೆ ಒಣಗುತ್ತದೆ, ಹುಳ ಬರುವುದಿಲ್ಲ. ಮಳೆಗಾಲದಲ್ಲಿ ಉಪ್ಪು ನೀರಾಗುತ್ತಿತ್ತು, ಬೆಂಕಿಪೆಟ್ಟಿಗೆ ಮೆತ್ತಗಾಗುತ್ತಿತ್ತು. ಒದ್ದೆ ಸೌದೆಯಲ್ಲಿ ಒಲೆ ಹೊತ್ತಿಸಲು ಕಲಿತ ದಿನ ನಾನು ಯಾರಿಗಾದರೂ ಹೇಳಬೇಕೆಂದು ಹೊರಗೆ ಬಂದೆ. ಹೇಳುವಂಥವರು ಯಾರೂ ಇರಲಿಲ್ಲ. ಒಳಗೆ ಹೋಗಿ ಅನ್ನ ಬೇಯಿಸಿಕೊಂಡೆ.

ಅನ್ನ ನನಗೆ ಹಬ್ಬದ ಊಟ. ಇಲ್ಲಿ ಮೂರು ಹೊತ್ತೂ ಅದೇ. ಅದೇ ರೊಟ್ಟಿ, ಅದೇ ಕಡುಬು, ಅದೇ ಗಂಜಿ. ಬಿದಿರಿನ ಎಳೆ ಮೊಳಕೆಯನ್ನು ಕಳಲೆ ಎಂದು ಪಲ್ಯ ಮಾಡುತ್ತಾರೆ. ಮೊದಲ ಸಲ ತಿಂದಾಗ ನಾರು ಬಾಯಲ್ಲಿ ಉಳಿಯಿತು. ಹೊಟ್ಟೆ ತುಂಬುತ್ತಿತ್ತು, ಆದರೆ ರಾಗಿ ಮುದ್ದೆ ಇಲ್ಲದೆ ಉಂಡ ಹಾಗೆ ಅನ್ನಿಸುತ್ತಿರಲಿಲ್ಲ. ಭಾಷೆಯೂ ಹಾಗೆಯೇ. ಮಾತು ಅರ್ಥವಾಗುತ್ತಿತ್ತು. ನಾನು ಬಾಯಿ ತೆರೆದರೆ ಮಾತ್ರ ಎದುರಿನವರು, "ಎಂತ ಅಂದ್ರಿ?" ಎನ್ನುತ್ತಿದ್ದರು. ನಾನು ಜೋರಾಗಿ ಮಾತಾಡುತ್ತೇನಂತೆ. ಬಯಲಿನಲ್ಲಿ ಮಾತು ದೂರ ಹೋಗಬೇಕು. ಇಲ್ಲಿ ಅದು ಗುಡ್ಡಕ್ಕೆ ಬಡಿದು ವಾಪಸು ಬರುತ್ತದೆ. ಕ್ರಮೇಣ ಮಾತು ಕಡಿಮೆ ಮಾಡಿದೆ. ಆಮೇಲೆ ಬೇಸರವೂ ಕಡಿಮೆಯಾಯಿತು. ಬೇಸರ ಹೋದ ಜಾಗಕ್ಕೆ ಬೇರೇನೂ ಬರಲಿಲ್ಲ.

ಅಂಥ ಕಾಲದಲ್ಲಿ ಪುಟ್ಟೇಗೌಡರ ಪರಿಚಯವಾಯಿತು. ನಮ್ಮ ತೋಟದ ಕೆಳಗೆ, ಎರಡು ಗುಡ್ಡಗಳ ಸಂದಿಯಲ್ಲಿ ಅವರ ಮನೆ. ಗಂಡ, ಹೆಂಡತಿ, ಒಂದು ಜೊತೆ ಎತ್ತು, ಎರಡು ಗದ್ದೆ. ಮಗಳನ್ನು ಕಳಸದ ಕಡೆ ಕೊಟ್ಟಿದ್ದರು. ನಾನು ಒಂದು ದಿನ ಅವರ ಗದ್ದೆಯ ಅಂಚಿನ ಮೇಲೆ ನಡೆಯಲು ಹೋಗಿ ಸೊಂಟದವರೆಗೆ ಕೆಸರಿಗೆ ಬಿದ್ದೆ. ಗೌಡರು ಬಂದು ಕೈ ಕೊಟ್ಟು ಎತ್ತಿದರು.

"ದೊರೆ ತೋಟದ ರೈಟ್ರಲ್ವಾ? ನಾಟಿ ಆಗಿ ಹೋಯ್ತಲ್ಲ, ನೀವು ತಡ ಮಾಡಿದ್ರಿ," ಎಂದರು. ಅವರ ಹೆಂಡತಿ ದೇವೀರಮ್ಮ ಬಿಸಿನೀರು ಕಾಯಿಸಿ ಕೊಟ್ಟರು, ಗೌಡರ ಪಂಚೆ ಕೊಟ್ಟರು, ರೊಟ್ಟಿ ಕೊಟ್ಟರು. ಆ ದಿನದಿಂದ ನಾನು ಭಾನುವಾರಗಳಲ್ಲಿ ಅಲ್ಲಿಗೆ ಹೋಗತೊಡಗಿದೆ. ಸ್ವಲ್ಪ ದಿನದಲ್ಲಿ 'ನೀವು' ಹೋಗಿ 'ನೀನು' ಆಯಿತು, 'ರೈಟ್ರೆ' ಹೋಗಿ 'ಮಾರಾಯ' ಆಯಿತು. ಮಾರಾಯ ಎಂದರೆ ಇಲ್ಲಿ ಗೆಳೆಯ, ತಮ್ಮ, ಮಗ, ಬೈಗುಳ, ಎಲ್ಲವೂ.

ಮೂಡಿಗೆರೆ ಸಂತೆಯಿಂದ ನನಗೋಸ್ಕರ ದೇವೀರಮ್ಮ ರಾಗಿ ತರಿಸಿದರು. ತಾವೇ ಬೀಸಿದರು. ನಾನು ಮುದ್ದೆ ಮಾಡಿ ಅವರಿಗೂ ಬಡಿಸಿದೆ. ಗೌಡರು ಅಗಿದರು, ಇನ್ನೂ ಅಗಿದರು. ಅದು ಹಲ್ಲಿಗೆ ಅಂಟಿಕೊಂಡಿತು.

"ಇದನ್ನ ನುಂಗಬೇಕು ಗೌಡ್ರೆ, ಅಗೀಬಾರ್ದು," ಎಂದೆ.

"ಹಂಗಾರೆ ನಿಮ್ಮೂರಿನವ್ರಿಗೆ ದೇವ್ರು ಹಲ್ಲು ಎಂತಕ್ಕೆ ಕೊಟ್ಟಿದ್ದು ಮಾರಾಯ? ನಗಾಡ್ಲಿಕ್ಕಾ?"

"ಅವನು ನಗಾಡೋದೂ ಇಲ್ಲ," ಎಂದರು ದೇವೀರಮ್ಮ. "ಹಲ್ಲು ಉಂಟಾ ಇಲ್ವಾ ಅಂತ ನಾನು ಇವತ್ತಿಗೂ ಕಂಡಿಲ್ಲ."

ಅವರ ಎರಡು ಗದ್ದೆಗಳಲ್ಲಿ ಒಂದರಲ್ಲಿ ಭತ್ತ ಇತ್ತು. ಇನ್ನೊಂದು ಅದಕ್ಕೂ ಕೆಳಗೆ, ಕಣಿವೆಯ ತಳದಲ್ಲಿ. ಅಲ್ಲಿ ಎದೆಯೆತ್ತರ ಹುಲ್ಲು, ಹುಲ್ಲಿನ ಬುಡದಲ್ಲಿ ವರ್ಷವಿಡೀ ನೀರು. ನಾನು ಬಂದಾಗಿನಿಂದ ಅದನ್ನು ಉತ್ತದ್ದು ನೋಡಿರಲಿಲ್ಲ. ಅದಕ್ಕೆ ಅವರು ಹಡ್ಲು ಎನ್ನುತ್ತಿದ್ದರು. ನಮ್ಮ ಸೀಮೆಯಲ್ಲಿ ಕೇಳದ ಮಾತು. ಇಲ್ಲಿ ಅಂಥ ತಗ್ಗಿನ ಜಾಗಗಳಿಗೆಲ್ಲ ಆ ಮಾತು ಇದೆ. ಯಾರ್‍ಯಾರದೋ ಹೆಸರು ಸೇರಿಸಿ ಇಂಥವರ ಹಡ್ಲು, ಅಂಥವರ ಹಡ್ಲು ಎನ್ನುತ್ತಾರೆ.

"ಇದನ್ನ ಯಾಕೆ ಹಾಳು ಬಿಟ್ಟಿದ್ದೀರಿ?" ಎಂದು ಕೇಳಿದೆ.

ದೇವೀರಮ್ಮನ ಮುಖ ಸಣ್ಣದಾಯಿತು. "ಹಾಳು ಅನ್ಬಾರ್ದು ಮಾರಾಯ. ಅದು ಮಲಗಿದೆ. ಹಡೆದ ಗದ್ದೆ ಅದು. ಹಡೀತು, ಹಡೀತು, ಸಾಕಾಯ್ತು. ಈಗ ಬಾಣಂತಿ. ಹಡೆದದ್ದಕ್ಕೇ ಹಡ್ಲು ಅನ್ನೋದು."

ಗೌಡರು ವಿವರಿಸಿದರು. ತಗ್ಗಿನ ಗದ್ದೆಯನ್ನು ಕೆಲವು ವರ್ಷ ಬೆಳೆದು ಆಮೇಲೆ ಕೆಲವು ವರ್ಷ ಬಿಡುತ್ತಾರೆ. ಹುಲ್ಲು ಬೆಳೆದು ಅಲ್ಲೇ ಕೊಳೆಯಬೇಕು, ದನ ಮೇದು ಅಲ್ಲೇ ಸಗಣಿ ಹಾಕಬೇಕು. ನೆಲದ ಕಪ್ಪು ವಾಪಸು ಬಂದಾಗ ಅದನ್ನು ಎಬ್ಬಿಸಿ, ಮೇಲಿನದನ್ನು ಮಲಗಿಸುತ್ತಾರೆ. ಅವರ ಅಜ್ಜನ ಕಾಲದಿಂದ ಹಾಗೆ ನಡೆದಿತ್ತು. ಒಂದು ತೊಡಕು ಮಾತ್ರ ಇತ್ತು. ಹಿಂದೆ ಸರ್ಕಾರದ ಅಳತೆ ನಡೆದ ವರ್ಷ ಆ ಗದ್ದೆ ಮಲಗಿತ್ತು. ಅಳೆಯಲು ಬಂದವರು ಅದನ್ನು ಯಾರದೂ ಅಲ್ಲದ ನೆಲವೆಂದು ಬರೆದುಕೊಂಡು ಹೋಗಿದ್ದರು. "ಬರ್ಕೊಂಡ್ರೆ ಬರ್ಕೊಳ್ಳಲಿ. ಗದ್ದೆಗೆ ಓದಲಿಕ್ಕೆ ಬರ್ತದಾ?" ಎಂದು ಗೌಡರು ನಕ್ಕರು.

ಭೂಮಿ ಹುಣ್ಣಿಮೆಯ ದಿನ ಬೆಳಗಾಗುವ ಹೊತ್ತಿಗೆ ನನ್ನನ್ನು ಕರೆದರು. ತೆನೆ ಕಟ್ಟುವ ಕಾಲದ ಹಬ್ಬ ಅದು. ಭೂಮಿ ಬಸುರಿ ಎಂದು ಗದ್ದೆಗೆ ಬಯಕೆಯ ಊಟ ಬಡಿಸುತ್ತಾರೆ. ಹತ್ತಾರು ಬಗೆಯ ಸೊಪ್ಪು, ಕಡುಬು, ಪಾಯಸ, ಎಲ್ಲವನ್ನೂ ಕಲಸಿ ಭತ್ತದ ಮೇಲೆ ಬೀರುತ್ತಾರೆ. ನಾನು ನೋಡುತ್ತ ನಿಂತಿದ್ದೆ. ಅದು ಮುಗಿದ ಮೇಲೆ ದೇವೀರಮ್ಮ ಬುಟ್ಟಿಯ ತಳದಿಂದ ಇನ್ನೊಂದು ಪುಟ್ಟ ಎಲೆ ತೆಗೆದರು. ಅದರಲ್ಲಿ ಬಿಸಿ ಅನ್ನ, ಮೆಣಸು, ಬೆಳ್ಳುಳ್ಳಿ, ಒಂದಿಷ್ಟು ತುಪ್ಪ. ಹುಳಿ ಇಲ್ಲ, ಸಿಹಿ ಇಲ್ಲ.

"ಇದು ಬಾಣಂತಿ ಪಥ್ಯ. ಹಡ್ಲಿಗೆ," ಎಂದರು. "ನೀನೇ ತಗೊಂಡು ಹೋಗಿ ಇಡು ಮಾರಾಯ. ನನಗೆ ಹುಲ್ಲಿನಲ್ಲಿ ಇಳಿಯಲಿಕ್ಕೆ ಆಗುದಿಲ್ಲ."

ಹುಲ್ಲು ಸರಿಸುತ್ತ ಇಳಿದು, ಮೂಲೆಯಲ್ಲಿದ್ದ ಚಪ್ಪಟೆ ಕಲ್ಲಿನ ಮೇಲೆ ಆ ಎಲೆಯನ್ನು ಇಟ್ಟೆ. ನನ್ನ ಕೈಯಿಂದಲೇ ಇಟ್ಟೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆಮೇಲೆ ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೇ ಇಲ್ಲ.

ಮುಂದಿನ ಬೇಸಿಗೆಯಲ್ಲಿ ದೊರೆಗೆ ನೀರು ಬೇಕಾಯಿತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆಯುವ ಮನೆಗೆ ಪಲ್ಪಿಂಗ್ ಮನೆ ಎನ್ನುತ್ತಾರೆ. ಅದಕ್ಕೆ ಬತ್ತಿಹೋಗದ ನೀರು ಬೇಕು. ತೋಟದ ಹಳ್ಳ ಬೇಸಿಗೆಗೆ ಬತ್ತುತ್ತಿತ್ತು. ಹಡ್ಲಿನ ನೀರು ಬತ್ತುತ್ತಿರಲಿಲ್ಲ. ಬರಹದಲ್ಲಿ ಅದು ಸರ್ಕಾರದ ನೆಲ ಎಂದು ದೊರೆಗೆ ಯಾರೋ ಹೇಳಿದ್ದರು. ಅವರು ಅರ್ಜಿ ಹಾಕಿದರು. ಸ್ಥಳ ನೋಡಿ ತೀರ್ಮಾನಿಸಲು ತಾಲೂಕಿನ ಅಧಿಕಾರಿ ಅಮಲ್ದಾರರು ಬರುತ್ತಾರೆ ಎಂದಾಯಿತು. ನೆಲವನ್ನು ಯಾರಾದರೂ ಅನುಭವಿಸುತ್ತಿದ್ದರೆ ಅವರಿಗೇ ಬಿಡುವುದು, ಬಿಟ್ಟುಹೋದ ನೆಲವಾದರೆ ತೋಟಕ್ಕೆ ಕೊಡುವುದು. ಅಷ್ಟೇ ಪ್ರಶ್ನೆ.

ಗೌಡರು ಹೆದರಲಿಲ್ಲ. "ನೀನು ಇರ್ತೀಯಲ್ಲ ಮಾರಾಯ. ಅವರ ಭಾಷೆಯಲ್ಲಿ ಹೇಳು," ಎಂದರು. ದೊರೆ ನನಗೆ ಏನನ್ನೂ ಹೇಳಿಕೊಡಲಿಲ್ಲ. ಆಸೆ ತೋರಿಸಲಿಲ್ಲ, ಹೆದರಿಸಲಿಲ್ಲ. "ಅವ್ರು ಕೇಳಿದ್ದು ಹೇಳಿ," ಎಂದರು ತಮ್ಮ ಕನ್ನಡದಲ್ಲಿ. ಹಾಗಾಗಿ ಈ ತಪ್ಪಿನಲ್ಲಿ ನನ್ನ ಜೊತೆ ಪಾಲುದಾರರು ಯಾರೂ ಇಲ್ಲ.

ಅಮಲ್ದಾರರು ಬೆಳಿಗ್ಗೆ ಬಂದರು. ಹಡ್ಲಿನ ಅಂಚಿನಲ್ಲಿ ಅವರಿಗೆ ಕುರ್ಚಿ ಹಾಕಿಸಿದ್ದೆವು. ಗೌಡರು ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ದೇವೀರಮ್ಮ ಸ್ವಲ್ಪ ಮೇಲೆ, ಹಲಸಿನ ಮರದ ಹತ್ತಿರ. ನಾನು ನಮಸ್ಕಾರ ಸ್ವಾಮಿ ಎಂದೆ. ಅಮಲ್ದಾರರು ತಟ್ಟನೆ ತಲೆ ಎತ್ತಿದರು.

"ಯಾವೂರಪ್ಪ ನಿಂದು? ಈ ಕಡೆ ಮಾತಲ್ಲ ಇದು."

"ಚಳ್ಳಕೆರೆ ಹತ್ರ ಸ್ವಾಮಿ."

"ಅಯ್ಯೋ ನಿನ್ನ! ನಮ್ದು ಹಿರಿಯೂರು ಕಣಯ್ಯ!"

ಅವರು ಕುರ್ಚಿಯಿಂದ ಅರ್ಧ ಎದ್ದು ನನ್ನ ತೋಳು ಹಿಡಿದುಕೊಂಡರು. ಎರಡು ವರ್ಷಗಳಿಂದ ಆ ದನಿಯಲ್ಲಿ ಯಾರೂ ನನ್ನೊಡನೆ ಮಾತಾಡಿರಲಿಲ್ಲ. ಅವರೂ ಜೋರಾಗಿ ಮಾತಾಡುತ್ತಿದ್ದರು. ನನಗೆ ಕಿವಿ ಬಿಚ್ಚಿದ ಹಾಗಾಯಿತು. ವೇದಾವತಿ ಹೊಳೆಯಲ್ಲಿ ನೀರು ಹೇಗಿದೆ, ಕಡಲೆಕಾಯಿ ಹೇಗಾಯಿತು, ಯಾರ ಅಳಿಯ ಯಾರು, ಎಲ್ಲ ಬಂತು. ನಾನು ನಗುತ್ತಿದ್ದೆ. ಗೌಡರು ಟವಲು ಹಿಡಿದು ನಿಂತೇ ಇದ್ದರು.

"ಮುದ್ದೆ ಸಿಗುತ್ತೇನಯ್ಯ ಈ ಕಾಡಲ್ಲಿ?"

"ಎಲ್ಲಿ ಸ್ವಾಮಿ! ಇವ್ರಿಗೆ ಅದರ ರುಚೀನೇ ಗೊತ್ತಿಲ್ಲ," ಎಂದೆ.

ಸುಲಭವಾಗಿ ಬಂತು ಆ ಮಾತು. ಯಾವ ಅಗತ್ಯವೂ ಇಲ್ಲದ ಸುಳ್ಳು. ಗೌಡರ ಕಡೆ ನೋಡಲಿಲ್ಲ.

ಆಮೇಲೆ ಅಮಲ್ದಾರರು ಕೆಲಸಕ್ಕೆ ಬಂದರು. ಕಣಿವೆಯ ಹುಲ್ಲನ್ನು ನೋಡಿ ಗೌಡರನ್ನು ಕೇಳಿದರು, "ಏನಪ್ಪ ಇದು?"

"ಹಡ್ಲು ಸ್ವಾಮಿ. ನಮ್ಮ ಹಡ್ಲು."

"ಹಡ್ಲು ಅಂದ್ರೇನು?"

"ಹಡ್ಲು ಅಂದ್ರೆ..." ಗೌಡರು ನನ್ನ ಕಡೆ ಕೈ ತೋರಿಸಿದರು. ಮುಖದಲ್ಲಿ ಒಂದು ಬಗೆಯ ಹೆಮ್ಮೆ ಇತ್ತು. "ರೈಟ್ರನ್ನೇ ಕೇಳಿ ಸ್ವಾಮಿ. ಓದಿದವ್ರು. ನಮ್ಮನೇಲಿ ಉಂಡವ್ರು. ಅವ್ರಿಗೆ ಎಲ್ಲ ಗೊತ್ತುಂಟು."

ಅಮಲ್ದಾರರು ನನ್ನನ್ನು ನೋಡಿದರು. ಊರಿನ ಮುಖ ಅದು. ಆ ಮುಖಕ್ಕೆ ಒಪ್ಪುವ ಮಾತು ನನ್ನ ನಾಲಿಗೆಯ ಮೇಲೆ ಮೊದಲೇ ಕೂತಿತ್ತು.

"ನಮ್ ಕಡೆ ಬೀಳು ಅಂತೀವಲ್ಲ ಸ್ವಾಮಿ. ಅದೇ."

"ಹಂಗನ್ನು ಮತ್ತೆ! ಬೀಳು!" ಅವರಿಗೆ ಖುಷಿಯಾಯಿತು. ನನಗೂ ಆಯಿತು. "ಉತ್ತು ಎಷ್ಟು ಕಾಲ ಆಯ್ತು?"

"ನಾನು ಬಂದ್ಮೇಲೆ ಉತ್ತಿದ್ದು ನೋಡಿಲ್ಲ ಸ್ವಾಮಿ."

"ಬೇರೇನಾದ್ರೂ ಮಾಡ್ತಾರಾ ಇದ್ರಲ್ಲಿ?"

ಮೂಲೆಯ ಕಲ್ಲು ಅಲ್ಲಿಂದ ಕಾಣುತ್ತಿತ್ತು. ಎಲೆ ಇರಲಿಲ್ಲ, ಎಂದೋ ಒಣಗಿ ಹೋಗಿತ್ತು. ಬಾಣಂತಿ, ಪಥ್ಯ, ಮಲಗಿದ ಗದ್ದೆ ಎಂದೆಲ್ಲ ಈ ಹಿರಿಯೂರಿನವರ ಮುಂದೆ ಹೇಳಿದರೆ ನಗುತ್ತಾರೆ, ಏನಯ್ಯ ನೀನೂ ಇವರ ಹಾಗೇ ಆಗಿಬಿಟ್ಟೆಯಲ್ಲ ಎನ್ನುತ್ತಾರೆ ಎಂದು ಅನ್ನಿಸಿತು. ಅಷ್ಟೇ ಅನ್ನಿಸಿದ್ದು. ಅದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಇಷ್ಟು ಹೊತ್ತಿಗೆ ಹುಡುಕಿಕೊಂಡಿರುತ್ತಿದ್ದೆ.

"ದನ ಮೇಯ್ತವೆ ಸ್ವಾಮಿ," ಎಂದೆ.

ಅಮಲ್ದಾರರು ನ್ಯಾಯವಾಗಿಯೇ ನಡೆದುಕೊಂಡರು. ಗೌಡರ ಕಡೆ ತಿರುಗಿ, "ಏನಪ್ಪ, ನೀನು ಹೇಳೋದು ಏನಾದ್ರೂ ಇದ್ಯಾ?" ಎಂದು ಕೇಳಿದರು.

ಗೌಡರು ನನ್ನನ್ನು ನೋಡಿದರು. ಆಗಲೂ ಸಮಯವಿತ್ತು. ಮನೆಯಲ್ಲಿ ಉಂಡವನ ಮಾತನ್ನು ಹೊರಗಿನವರ ಎದುರು ಸುಳ್ಳು ಮಾಡುವುದು ಅವರಿಗೆ ಗೊತ್ತಿರಲಿಲ್ಲ. ಟವಲನ್ನು ಹೆಗಲಿಗೆ ಹಾಕಿಕೊಂಡು ಹೇಳಿದರು, "ರೈಟ್ರು ಹೇಳಿದ ಮೇಲೆ ನಾನು ಎಂತ ಹೇಳುದು ಸ್ವಾಮಿ."

ಗದ್ದೆ ತೋಟಕ್ಕೆ ಸೇರಿತು. ನಾನು ಒಂದೂ ಸುಳ್ಳು ಹೇಳಿರಲಿಲ್ಲ, ಆ ಮುದ್ದೆಯ ಮಾತೊಂದನ್ನು ಬಿಟ್ಟರೆ. ಉತ್ತಿದ್ದು ನೋಡಿರಲಿಲ್ಲ, ದನ ಮೇಯುತ್ತಿದ್ದವು. ಅರ್ಧ ಸತ್ಯ ಎಂದು ಜನ ಆಡಿಕೊಳ್ಳುವುದುಂಟು. ಅದು ಎಷ್ಟು ಗಟ್ಟಿ ವಸ್ತು ಎಂದು ನನಗೆ ಆಗ ಗೊತ್ತಾಯಿತು. ಅದರ ಮೇಲೆ ಕಲ್ಲಿನ ಅಡಿಪಾಯ ಹಾಕಿ ಪಲ್ಪಿಂಗ್ ಮನೆ ಕಟ್ಟಿದರು.

ಮಲಗಿಸಲು ಬೇರೆ ಜಾಗವಿಲ್ಲದೆ ಗೌಡರು ಮೇಲಿನ ಗದ್ದೆಯನ್ನೇ ವರ್ಷ ವರ್ಷವೂ ಬೆಳೆದರು. ಭತ್ತ ತೆಳ್ಳಗಾಯಿತು. ದನಕ್ಕೆ ಹುಲ್ಲಿಲ್ಲದೆ ಎತ್ತು ಮಾರಿದರು. ಒಂದು ಸುಗ್ಗಿಯಲ್ಲಿ ಅವರೇ ತೋಟದ ಕೆಲಸಕ್ಕೆ ಬಂದು ನಿಂತರು. ಪಲ್ಪಿಂಗ್ ಮನೆಯಲ್ಲಿ ತೊಳೆದು ಒಣಗಿಸಿದ ಬೀಜಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಅದರ ಮೂಟೆ ಹೊರುವ ಕೆಲಸ. ಬೆಳಿಗ್ಗೆ ಹಾಜರಿ ಕೂಗುವವನು ನಾನು. ಹಾಜರಿಯಲ್ಲಿ ಯಾರಿಗೂ 'ಅವರೇ' ಇಲ್ಲ, ಬರೀ ಹೆಸರು. ಮೊದಲ ದಿನ ಆ ಹೆಸರಿನ ಹತ್ತಿರ ಬಂದಾಗ ನಿಂತೆ.

"ಕೂಗಿ ರೈಟ್ರೆ," ಎಂದರು ಅವರೇ. "ಹೆಸರು ಸವೀತದಾ?"

"ಪುಟ್ಟೇಗೌಡ," ಎಂದೆ.

"ಇದ್ದೇನೆ," ಎಂದರು.

ಪಲ್ಪಿಂಗ್ ಮನೆ ಎದ್ದ ವರ್ಷದ ಭೂಮಿ ಹುಣ್ಣಿಮೆಗೇ ದೇವೀರಮ್ಮ ತೋಟದ ಆಫೀಸಿನ ಬಾಗಿಲಿಗೆ ಬಂದರು. ಕೈಯಲ್ಲಿ ಪುಟ್ಟ ಎಲೆ. ಹೊರಗೇ ನಿಂತು ಕೇಳಿದರು, "ರೈಟ್ರವ್ರೆ, ಪಲ್ಪಿಂಗ್ ಮನೆ ಹಿಂದೆ ಸ್ವಲ್ಪ ಹೋಗಿ ಬರಬಹುದಾ? ನೀವು ಹೂಂ ಅಂದ್ರೆ."

ಮಾರಾಯ ಇರಲಿಲ್ಲ, ನೀನು ಇರಲಿಲ್ಲ. ವ್ಯಂಗ್ಯವೂ ಇರಲಿಲ್ಲ. ತೋಟದ ಜಾಗಕ್ಕೆ ತೋಟದವರನ್ನು ಕೇಳಬೇಕಲ್ಲ, ಕೇಳಿದರು. ನಾನು ಹೂಂ ಎಂದೆ. ಆ ದಿನ ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಕಾಲು ಮರಗಟ್ಟಿದಾಗ ಮುಟ್ಟಿದರೆ ಬೇರೆಯವರ ಕಾಲು ಮುಟ್ಟಿದ ಹಾಗಿರುತ್ತದಲ್ಲ, ಹಾಗಿತ್ತು. ಅವರು ಬದುಕಿರುವವರೆಗೂ ಪ್ರತಿ ಹುಣ್ಣಿಮೆಗೆ ಬಂದು ಕೇಳಿದರು. ನಾನು ಪ್ರತಿ ಸಲ ಹೂಂ ಎಂದೆ.

ಹಡ್ಲು ಎಂಬ ಮಾತಿನ ಹುಟ್ಟನ್ನು ಹುಡುಕುವ ಚಟ ಆಮೇಲೆ ಹತ್ತಿಕೊಂಡಿತು. ಹುಡುಕಿ ಏನೂ ಆಗುವಂತಿರಲಿಲ್ಲ. ಆದರೂ ಸಿಕ್ಕವರನ್ನೆಲ್ಲ ಕೇಳುತ್ತಿದ್ದೆ. ದೊರೆ ಅದು ಕೆಸರು ಅಷ್ಟೇ ಎಂದರು. ಕಳಸದ ಮೇಷ್ಟರೊಬ್ಬರು ಗೊತ್ತಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರು. ಕೊನೆಗೆ ಘಟ್ಟದ ಕೆಳಗಿನಿಂದ ಕೆಲಸಕ್ಕೆ ಬಂದ ಒಬ್ಬ ತುಳು ಮಾತಿನ ಮುದುಕ, "ನಮ್ಮಲ್ಲಿ ಪಡೀಲ್ ಅಂತೇವೆ. ಬಿತ್ತದೆ ಬಿಟ್ಟ ಗದ್ದೆ," ಎಂದ. ಹೈಸ್ಕೂಲಿನಲ್ಲಿ ಕಲಿತದ್ದು ಆಗ ನೆನಪಾಯಿತು. ಹಳಗನ್ನಡದ ಪಾಲು ಈಗಿನ ಹಾಲು, ಪಗೆ ಹಗೆಯಾಯಿತು. ಹಾಗಾದರೆ ಪಡಿಲು ಹಡಿಲಾಗಿ, ಹಡ್ಲು ಆಗಿರಬೇಕು. ಪಡು ಎಂದರೆ ಮಲಗು. ಸೂರ್ಯ ಮಲಗುವ ದಿಕ್ಕೇ ಪಡುವಲು.

ಹಾಗೆ ನೋಡಿದರೆ ದೇವೀರಮ್ಮ ಹೇಳಿದ ಹುಟ್ಟು ತಪ್ಪು. ಹಡೆಯುವುದಕ್ಕೂ ಹಡ್ಲಿಗೂ ಸಂಬಂಧ ಇರಲಿಕ್ಕಿಲ್ಲ. ಆದರೆ ಅದು ಮಲಗಿದೆ ಎಂದು ಅವರು ಹೇಳಿದ್ದರು, ಆ ಮಾತು ಸರಿ. ನಾನು ಹೇಳಿದ ಬೀಳು ಎಂಬುದಕ್ಕೆ ಬಿದ್ದದ್ದು ಎಂದರ್ಥ. ಬಿದ್ದವನನ್ನೂ ಮಲಗಿದವನನ್ನೂ ದೂರದಿಂದ ನೋಡಿದರೆ ಒಂದೇ ಥರ ಕಾಣುತ್ತದೆ. ನಮ್ಮ ಒಣ ಸೀಮೆಯಲ್ಲಿ ಉಳದೆ ಬಿಟ್ಟ ನೆಲ ನಿಜವಾಗಿ ಬಿದ್ದದ್ದೇ, ಅದರ ಹಿಂದೆ ಊರು ಬಿಟ್ಟ ಒಂದು ಮನೆ ಇರುತ್ತದೆ. ಅಲ್ಲಿನ ತಿಳಿವಳಿಕೆ ಅಲ್ಲಿಗೆ ಪೂರ್ತಿ, ಇಲ್ಲಿಗೆ ಅರ್ಧ. ವಲಸೆ ಹೋದವನು ತನ್ನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬರುವುದು ಅಂಥ ಅರ್ಧಗಳನ್ನೇ ಎಂದು ಈಗ ಅನ್ನಿಸುತ್ತದೆ. ಅದು ತಪ್ಪಲ್ಲ. ಉಳಿದರ್ಧವನ್ನು ಇಲ್ಲಿನವರು ಕೈಗೆ ಕೊಟ್ಟ ಮೇಲೂ ಪೆಟ್ಟಿಗೆ ಮುಚ್ಚಿಟ್ಟುಕೊಂಡೆನಲ್ಲ, ಅದು ತಪ್ಪು.

ದೇವೀರಮ್ಮ ತೀರಿಕೊಂಡರು. ಕೆಲವು ವರ್ಷದ ಮೇಲೆ ದೊರೆ ತೋಟ ಮಾರಿ ತಮ್ಮ ದೇಶಕ್ಕೆ ಹೋದರು. ನಾನು ಅಲ್ಲೇ ರೈಟರಾಗಿ ಉಳಿದೆ, ಊರಿಗೆ ಒಂದೆರಡು ಸಲ ಹೋಗಿ ಬಂದೆ. ಕೊನೆಯ ಸಲ ಹೋದಾಗ ನನ್ನ ತಮ್ಮನ ಹೆಂಡತಿ, "ಭಾವಾರು ಎಷ್ಟು ಮೆತ್ತಗೆ ಮಾತಾಡ್ತಾರೆ, ಏನೂ ಕೇಳಿಸಲ್ಲ," ಎಂದು ದೂರಿದಳು. ಬಿಸಿಲು ಕಣ್ಣಿಗೆ ಹೊಡೆಯಿತು. ರಾತ್ರಿ ಮಲಗಿದರೆ ಆಕಾಶ ತೀರಾ ದೊಡ್ಡದಾಗಿ ನಿದ್ದೆ ಬರಲಿಲ್ಲ. ನಾಲ್ಕು ದಿನಕ್ಕೆ ವಾಪಸು ಬಂದೆ.

ಬಂದ ವಾರ ಪುಟ್ಟೇಗೌಡರ ಮನೆಗೆ ಹೋದೆ. ಅವರು ಆಗ ಒಬ್ಬರೇ. ಮಗಳು ಕಳಸಕ್ಕೆ ಕರೆದರೂ ಹೋಗಿರಲಿಲ್ಲ. ಜಗಲಿಯ ಮೇಲೆ ಕೂತು ಬಿದಿರು ಸೀಳುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಆ ದಿನ ಅಮಲ್ದಾರರ ಎದುರು ನನಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಅರ್ಧ ನುಂಗಿದೆ, ತೋಟದ ಆಸೆಗಲ್ಲ, ಎಂದೆಲ್ಲ. ಬಹಳ ವರ್ಷ ಮನಸ್ಸಿನಲ್ಲಿ ಜೋಡಿಸಿಟ್ಟ ಮಾತುಗಳು. ಬೇರೆ ಯಾರದೋ ಹಾಜರಿ ಕೂಗಿದ ಹಾಗೆ ಬಂದವು.

ಗೌಡರು ಬಿದಿರು ಸೀಳುವುದನ್ನು ನಿಲ್ಲಿಸಲಿಲ್ಲ.

"ಗೊತ್ತುಂಟು," ಎಂದರು.

"ಏನು ಗೊತ್ತುಂಟು?"

"ನೀನು ಯಾಕೆ ಹಂಗಂದೆ ಅಂತ. ನಮ್ಮನೆಯವ್ಳು ಅವತ್ತು ಸಂಜೆನೇ ಹೇಳಿದ್ಲು. ಅವನನ್ನ ಎಂತ ಕೇಳ್ಬೇಡಿ, ಅವನಿಗೆ ಅವನ ಊರು ಸಿಕ್ಕಿತ್ತು ಅಂತ. ಅವಳು ಮೇಲೆ ಹಲಸಿನ ಮರದ ಹತ್ರ ನಿಂತು ನಿನ್ನೇ ನೋಡ್ತಿದ್ಲಲ್ಲ." ಕತ್ತಿಯ ಮೊನೆಯಿಂದ ಒಂದು ಸಿಬಿರು ತೆಗೆದು ಎಸೆದರು. "ನೀನು ನಗಾಡಿದ್ದು ಅವಳು ಕಂಡಿದ್ದು ಅದೊಂದೇ ಸಲ ಮಾರಾಯ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ನನ್ನನ್ನು ಪೂರ್ತಿ ತಿಳಿದುಕೊಂಡಿದ್ದ ಇಬ್ಬರು ಇಷ್ಟು ವರ್ಷ ಗುಡ್ಡದ ಕೆಳಗೆ ಇದ್ದರು. ನಾನು ಗುಡ್ಡದ ಮೇಲೆ ಒಬ್ಬನೇ ಇದ್ದೇನೆಂದುಕೊಂಡು ಬದುಕಿದ್ದೆ.

ಗೌಡರು ಕತ್ತಿ ಕೆಳಗಿಟ್ಟು, ಎದ್ದು ಬಾಗಿಲು ದಾಟಿದರು. "ಒಳಗೆ ಬಾ. ಗಂಜಿ ಉಂಟು," ಎಂದರು.

ನಾನು ಜಗಲಿ ಹತ್ತಿದೆ. ಬಾಗಿಲ ಹತ್ತಿರ ಹೋದೆ. ಒಳಗೆ ಕತ್ತಲಿತ್ತು, ಒಲೆಯ ಕೆಂಪು ಕಾಣುತ್ತಿತ್ತು. ಕಾಲು ಎತ್ತಿದರೆ ಹೊಸ್ತಿಲು ದಾಟಬಹುದಿತ್ತು. ಹಿಂದಕ್ಕೆ ಬಂದು ಅವರು ಕೂತಿದ್ದ ಜಾಗದ ಪಕ್ಕದಲ್ಲೇ ಕೂತೆ. ಅವರು ಒಳಗಿನಿಂದ ಒಂದು ಸಲ ನೋಡಿದರು, ಮತ್ತೆ ಕರೆಯಲಿಲ್ಲ. ಗಂಜಿಯನ್ನು ಹೊರಗೇ ತಂದುಕೊಟ್ಟರು.

ಆಮೇಲೆ ಅವರು ಇರುವವರೆಗೂ ಭಾನುವಾರಗಳಲ್ಲಿ ಹೋಗುತ್ತಿದ್ದೆ. ಪ್ರತಿ ಸಲ ಒಳಗೆ ಬಾ ಎನ್ನುತ್ತಿದ್ದರು. ಪ್ರತಿ ಸಲ ನಾನು ಜಗಲಿಯಲ್ಲಿ ಕೂರುತ್ತಿದ್ದೆ. ಊರಿಗೆ ಯಾಕೆ ಬರಲಿಲ್ಲ ಎಂದು ನೀವು ಕೇಳುತ್ತೀರಿ. ಅಲ್ಲಿ ಹೇಗಿದ್ದೆ ಎಂದು ಕೇಳುತ್ತೀರಿ. ಹೀಗೆ ಇದ್ದೆ. ಮಳೆ ತಾಗುತ್ತಿರಲಿಲ್ಲ, ಒಲೆಯ ಬಿಸಿಯೂ ತಾಗುತ್ತಿರಲಿಲ್ಲ.